ಸೌಟಕ್ಕನ ಕ್ರಿಸ್‌ಮಸ್ ಊಟ
ಚರ್ಚಿನ ಅಡುಗೆಯಾಕೆಗೆ ಬೀದಿಯವರು ಇಟ್ಟ ಹೆಸರು ಸೌಟಕ್ಕ. ಆಕೆ ಸೌಟು ಹಿಡಿದುಕೊಂಡೇ ಹುಟ್ಟಿದವಳೆಂದು ಪಾದ್ರಿಗಳೂ ನಗುತ್ತಾರೆ. ಅವರ ಪ್ರಾರ್ಥನೆ ಸ್ವಲ್ಪ ಉದ್ದವಾದರೆ ಸಾಕು, "ಫಾದರ್, ಬೇಗ ಆಮೆನ್ ಅನ್ನಿ, ಅನ್ನ ಆರ್ತಿದೆ" ಎಂದು ಹಿಂದಿನಿಂದ ಅವಸರಿಸುತ್ತಾಳೆ. ಉಣ್ಣುವವರು "ಬೇಡಕ್ಕಾ" ಎಂದರೆ ಆಕೆಗೆ ಕಿವಿ ಕೇಳುವುದಿಲ್ಲ. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಬಡಿಸುತ್ತಾಳೆ. ಹೊಳೆ ಉಕ್ಕಿ ಕೆಳಗಿನ ಬೀದಿ ಕೊಚ್ಚಿಹೋದ ಮೇಲೆ ಚರ್ಚಿನ ಸಭಾಂಗಣದಲ್ಲಿ ದಿನಾ ಇನ್ನೂರು ಜನರಿಗೆ ಬೇಯಿಸಿ ಹಾಕಿದಳು. ಯಾರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ವಿಚಾರಿಸಲಿಲ್ಲ, ಖಾರ ಹೆಚ್ಚಾಯಿತೇ ಎಂದಷ್ಟೇ ಕೇಳಿದಳು. ಕ್ರಿಸ್‌ಮಸ್ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗ, ಹೆಂಡತಿಯನ್ನು ಹೊಳೆಗೆ ಕಳೆದುಕೊಂಡ ಬಡಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಆವತ್ತು ನಿಮ್ಮ ಏಸು ಎಲ್ಲಿದ್ದ, ಅಕ್ಕಾ?" ಎಂದು ಕೇಳಿದ. ಪಾದ್ರಿಗಳು ಬಾಯಿ ತೆರೆಯುವಷ್ಟರಲ್ಲಿ ಸೌಟಕ್ಕ ಅವನ ಪಕ್ಕದಲ್ಲಿ ಕುಳಿತಳು. ಅದೇ ನೀರಿನಲ್ಲಿ ಗಂಡನನ್ನು ಕಳೆದುಕೊಂಡಿದ್ದ ಆಕೆ ಅಂದಿನವರೆಗೆ ಒಮ್ಮೆಯೂ ಆ ಮಾತೆತ್ತಿರಲಿಲ್ಲ. "ನಮ್ಮ ಯಜಮಾನ್ರು ಹೋದಾಗಿಂದ ನಾನೂ ಅವನನ್ನ ದಿನಾ ಅದನ್ನೇ ಕೇಳ್ತಿದೀನಪ್ಪ. ಜಗಳ ಆಡ್ತೀನಿ, ಅಳ್ತೀನಿ, ಆದ್ರೆ ಅವನ ಕೈ ಮಾತ್ರ ಬಿಟ್ಟಿಲ್ಲ. ಉತ್ತರ ಬರೋವರೆಗೂ ನಾವಿಬ್ರೂ ಉಪವಾಸ ಇರೋದು ಬೇಡ" ಎಂದಳು. ಬಡಗಿ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಮೊದಲ ತುತ್ತು ಗಂಟಲಿಳಿಯುವವರೆಗೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.