ಪಟ್ಟಿ ಹೊರಗಿದೆ ಅಂದವಳು ನಾನು

ಶೈಲಾ, ಅವತ್ತು ಹೊಳೆಯಲ್ಲಿ ನಿನ್ನ ದೋಣಿ ಹೊದಿಕೆಯ ಕೆಂಪು ಪಟ್ಟಿ ಒಳಗೇ ಸಿಕ್ಕಿಕೊಂಡಿತ್ತು. ನೀನು ಗಾಬರಿಬಿದ್ದು ಅದನ್ನು ಎಳೆಯಲು ಮರೆತದ್ದಲ್ಲ. ಎಳೆಯಲು ಅಲ್ಲಿ ಏನೂ ಇರಲಿಲ್ಲ. ಅದು ಹೊರಗಿದೆ ಎಂದು ಹೇಳಿದವಳು ನಾನು — ನೋಡದೆ. ಅಥವಾ ನೋಡಿಯೂ... ನೋಡು, ಮೊದಲ ಮಾತಿಗೇ ತಡವರಿಸುತ್ತಿದ್ದೇನೆ. ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ನಾನು ಮಾಡಿದ್ದು ನಿಜ, ಆದರೆ ಏನು ಮಾಡಿದೆ ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ಇಬ್ಬರೂ ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆವು. ವಿಜಯನಗರಕ್ಕೆ ಮೆಟ್ರೋ ಇನ್ನೂ ಬಂದಿರಲಿಲ್ಲ. ನೀನು ಮೂಡಲಪಾಳ್ಯದಿಂದ, ನಾನು ರಾಜಾಜಿನಗರದಿಂದ ಬಸ್ಸು ಹಿಡಿದು, ರಜೆಯ ದಿನ ಬಸವೇಶ್ವರನಗರದ ಈಜುಕೊಳಕ್ಕೆ ಬರುತ್ತಿದ್ದೆವು. ಮಕ್ಕಳ ಬ್ಯಾಚ್ ಮುಗಿದ ಮೇಲೆ ಅಲ್ಲಿ ಪ್ರಕಾಶಣ್ಣ ನಮಗೆ ಕಯಾಕ್ ಕಲಿಸುತ್ತಿದ್ದರು. ಒಬ್ಬರೇ ಕೂರುವ ಕಿರಿದಾದ ದೋಣಿ. ಸೊಂಟಕ್ಕೆ ತೊಟ್ಟ ರಬ್ಬರ್ ಹೊದಿಕೆಯ ಅಂಚನ್ನು ದೋಣಿಯ ಬಾಯಿಯ ಸುತ್ತ ಸಿಕ್ಕಿಸಿಕೊಂಡರೆ ಒಳಗೆ ನೀರು ನುಗ್ಗುವುದಿಲ್ಲ. ಆ ಹೊದಿಕೆಗೆ ಸ್ಕರ್ಟ್ ಎಂದೇ ಹೆಸರು. ‘ಸ್ಕರ್ಟ್ ಹಾಕ್ಕೋತೀನಿ ಅಂದ್ರೆ ನಮ್ಮಮ್ಮ ಮನೆಗೇ ಸೇರಿಸಲ್ಲ ಕಣೇ’ ಎಂದು ನೀನು ನಗುತ್ತಿದ್ದೆ. ನಿಮ್ಮಮ್ಮನನ್ನು ಒಪ್ಪಿಸಿದವಳೂ ನಾನೇ. ‘ಆಂಟಿ, ನಾನಿರ್ತೀನಲ್ಲಾ, ನೀವ್ಯಾಕೆ ಯೋಚ್ನೆ ಮಾಡ್ತೀರಾ’ ಅಂದಿದ್ದೆ. ಎಂಥ ಧೈರ್ಯ ನನ್ನದು!

ದೋಣಿ ಮಗುಚಿದರೆ ಪ್ಯಾಡಲ್ ಬೀಸಿ, ಸೊಂಟ ತಿರುಗಿಸಿ, ಕೂತ ಹಾಗೇ ಮೇಲಕ್ಕೆ ಬರಬೇಕು. ಆಗದಿದ್ದರೆ ಹೊದಿಕೆಯ ಮುಂಭಾಗದಲ್ಲಿರುವ ಕೆಂಪು ಪಟ್ಟಿಯನ್ನು ಎಳೆಯಬೇಕು. ಹೊದಿಕೆ ಕಳಚಿಕೊಳ್ಳುತ್ತದೆ, ಕಾಲು ಜಾರಿಸಿ ಈಚೆ ಬರಬಹುದು. ಆದರೆ ಅವಸರದಲ್ಲಿ ಅಂಚು ಸಿಕ್ಕಿಸುವಾಗ ಆ ಪಟ್ಟಿಯೇ ಒಳಗೆ ಮಡಚಿಕೊಂಡುಬಿಟ್ಟರೆ? ಪಳಗಿದವರಿಗೂ ಆಗುವ ತಪ್ಪು ಅದು. ಅದಕ್ಕೇ ಪ್ರಕಾಶಣ್ಣನ ಕಟ್ಟಳೆ: ದೋಣಿಯಲ್ಲಿ ಕೂತವರು ಎರಡೂ ಕೈ ಮೇಲೆತ್ತಬೇಕು, ಜೊತೆಯವರು ಬಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮೆಲ್ಲಗೆ ಎಳೆದು ನೋಡಿ, ‘ಹೊರಗಿದೆ’ ಅನ್ನಬೇಕು. ಹಾಗಂದ ಮೇಲೇ ನೀರಿಗೆ. ‘ನಿಮ್ ಕಣ್ಣು ನಂಬ್ಬೇಡಿ, ಜೊತೆಯವರ ಕೈ ನಂಬಿ’ ಅನ್ನುತ್ತಿದ್ದರು.

ನೀನು ನನ್ನ ಕೈಯನ್ನು ನಂಬಿದ್ದೆ.

ದಾಂಡೇಲಿ ಕಡೆಯ ಹೊಳೆಗೆ ಹೋದ ಆ ಬೆಳಿಗ್ಗೆ ಪ್ರಕಾಶಣ್ಣ, ‘ಶೈಲಾ ಮುಂದೆ ಹೋಗ್ಲಿ, ಸುಧಾ ಹಿಂದಿಂದ ಬರ್ಲಿ’ ಅಂದರು. ಹೊಸಬರಿಗೆ ಕಲಿಸಲು ಅವರಿಗೊಬ್ಬ ಸಹಾಯಕಿ ಬೇಕಿತ್ತು. ಅದು ನೀನೇ ಎಂದು ಎಲ್ಲರಿಗೂ ಗೊತ್ತಾಗಿತ್ತು. ನಿನಗಿಂತ ಮುಂಚೆ ಸೇರಿದವಳು ನಾನು, ನಿನ್ನನ್ನು ಕರೆತಂದವಳೂ ನಾನು. ಹೊಟ್ಟೆ ಉರಿದಿತ್ತು, ಇಲ್ಲ ಅನ್ನಲಾರೆ. ಆದರೆ ಉರಿದದ್ದಕ್ಕೇ ಹಾಗೆ ಮಾಡಿದೆನೆ? ಹೌದು ಅನ್ನಲೂ ಬಾಯಿ ಬರುವುದಿಲ್ಲ. ಹೊಟ್ಟೆಕಿಚ್ಚು ಇತ್ತು, ತಪ್ಪೂ ಆಯಿತು. ಒಂದರಿಂದ ಇನ್ನೊಂದು ಹುಟ್ಟಿತೋ ಇಲ್ಲವೋ — ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ.

ನೀನು ಕೈ ಮೇಲೆತ್ತಿ, ‘ಸುಧಾ, ನೋಡೇ’ ಅಂದೆ. ನಾನು ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳುತ್ತಾ, ಕೆಳಗೆ ಬೆಳ್ಳಗೆ ಕುದಿಯುತ್ತಿದ್ದ ನೀರನ್ನೇ ನೋಡುತ್ತಾ, ‘ಹೊರಗಿದೆ, ಹೋಗು ಹೋಗು’ ಅಂದೆ. ಅಂದು ದೋಣಿಯನ್ನು ನೂಕಿದೆ.

ಇನ್ನು ಮುಂದಿನದೇ ನನಗೆ ಗೋಜಲು. ನಿನ್ನ ಮುಂದಿನ ಹೊದಿಕೆ ಕಪ್ಪಗೆ, ಬೋಳಾಗಿ ಇದ್ದದ್ದನ್ನು ನಾನು ಕಂಡಿದ್ದೇನೆ. ಕೆಂಪು ಎಲ್ಲೂ ಇರಲಿಲ್ಲ. ಇದು ಖಂಡಿತ. ಆದರೆ ಯಾವಾಗ ಕಂಡೆ? ‘ಹೊರಗಿದೆ’ ಅನ್ನುವುದಕ್ಕೆ ಮೊದಲೋ, ದೋಣಿ ಪ್ರವಾಹಕ್ಕೆ ಸಿಕ್ಕಿ ನನ್ನ ಕಡೆ ತಿರುಗಿದಾಗಲೋ? ಒಂದೊಂದು ದಿನ ಒಂದೊಂದು ಥರ ನೆನಪಾಗುತ್ತದೆ. ಮೊದಲೇ ಕಂಡಿದ್ದರೆ ನಾನು ಕೊಲೆಗಾರ್ತಿಯೇ ಸರಿ. ಆಮೇಲೆ ಕಂಡಿದ್ದರೆ — ಆಗಲೂ ಕೊರಳಲ್ಲಿ ವಿಶಲ್ ಇತ್ತು. ಒಂದು ಸಲ ಊದಿದ್ದರೆ ಸಾಕು, ಎಲ್ಲರೂ ದಡ ಹಿಡಿಯಬೇಕೆಂಬುದು ನಿಯಮ. ನಾನು ವಿಶಲ್ ಕೈಗೆ ತೆಗೆದುಕೊಂಡೆ, ಇದಂತೂ ಚೆನ್ನಾಗಿ ನೆನಪಿದೆ. ಊದಲಿಲ್ಲ. ಊದಿದರೆ, ‘ಹೊರಗಿದೆ ಅಂದ್ಯಲ್ಲಮ್ಮಾ, ಏನ್ ನೋಡಿ ಅಂದೆ?’ ಎಂದು ಎಲ್ಲರೆದುರು ಕೇಳುತ್ತಾರೆ. ನೀನೆಲ್ಲಿ ಮಗುಚುತ್ತೀಯ, ನೀನು ಶೈಲಾ, ಏನೂ ಆಗಲ್ಲ ಅಂದುಕೊಂಡೆ.

ಆದರೆ ನೀನು ಮಗುಚಿದೆ. ಓರೆ ಬಂಡೆಗೆ ತಾಗಿ ದೋಣಿ ಅಡ್ಡವಾಯಿತು, ತಲೆಕೆಳಗಾಯಿತು. ನಿನ್ನ ಪ್ಯಾಡಲ್ ಒಮ್ಮೆ ಮೇಲೆದ್ದಿತು, ಇನ್ನೊಮ್ಮೆ ಎದ್ದಿತು, ಆಮೇಲೆ ಅದೊಂದೇ ತೇಲಿಹೋಯಿತು. ದೋಣಿಯ ಹಳದಿ ಹೊಟ್ಟೆ ಮಾತ್ರ ಮೇಲೆ ಕಾಣುತ್ತಾ ನೀರಿನ ಜೊತೆ ಇಳಿಯುತ್ತಿತ್ತು. ಮೊದಲೇ ಇಳಿದು ಕೆಳಗೆ ಕಾಯುತ್ತಿದ್ದ ಪ್ರಕಾಶಣ್ಣ ಎಷ್ಟು ಹುಟ್ಟು ಹಾಕಿದರೂ ಸೆಳವಿಗೆ ಎದುರಾಗಿ ಬರಲು ಆಗಲಿಲ್ಲ. ನಾನು ದಡದಲ್ಲಿ ನಿಂತೇ ಇದ್ದೆ ಕಣೇ.

ಆಮೇಲೆ ನೀನು ದೋಣಿಯಿಂದ ಬಿಡಿಸಿಕೊಂಡು ಮೇಲೆದ್ದೆ. ಕೆಮ್ಮುತ್ತಾ ಅಂಗಾತ ತೇಲಿ, ಕಾಲು ಮುಂದೆ ಚಾಚಿಕೊಂಡು ಬಂಡೆಗಳನ್ನು ಒದ್ದು ತಪ್ಪಿಸಿಕೊಂಡು, ಸಮಯ ನೋಡಿ ಬೋರಲಾಗಿ, ಜೀವ ಕೈಯಲ್ಲಿ ಹಿಡಿದು ಈಜಿ, ದೊಡ್ಡ ಬಂಡೆಯ ಮರೆಯ ನಿಂತ ನೀರನ್ನು ಸೇರಿಕೊಂಡೆ. ಪ್ರಕಾಶಣ್ಣ ಹೇಳಿಕೊಟ್ಟಿದ್ದನ್ನು ಒಂದೂ ಬಿಡದೆ ಮಾಡಿದ್ದೆ. ನಿನ್ನ ಬಲಗೈಯ ಉಗುರುಗಳು ಕಿತ್ತು ಬಂದಿದ್ದವು. ಹೊದಿಕೆ ಸೊಂಟದಲ್ಲಿ ಜೋತಾಡುತ್ತಿತ್ತು, ಕೆಂಪು ಪಟ್ಟಿ ಎಲ್ಲರ ಕಣ್ಣಿಗೂ ಕಾಣುವಂತೆ ನೇತಾಡುತ್ತಿತ್ತು. ಹೊದಿಕೆಯೇ ಕಳಚಿ ಬಂದ ಮೇಲೆ ಪಟ್ಟಿ ಒಳಗಿತ್ತೋ ಹೊರಗಿತ್ತೋ ಯಾರಿಗೆ ಗೊತ್ತಾಗಬೇಕು?

ಸಂಜೆ ಟೀ ಕುಡಿಯುತ್ತಾ, ವಾಡಿಕೆಯಂತೆ ಒಬ್ಬೊಬ್ಬರೂ ತಮ್ಮ ತಪ್ಪು ಹೇಳಿಕೊಳ್ಳುವಾಗ ನಿನ್ನ ಸರದಿ ಬಂತು. ‘ಕೈ ಆಡಿಸಿದೆ ಅಣ್ಣ, ಪಟ್ಟಿ ಸಿಗಲೇ ಇಲ್ಲ. ಇರ್ಲೇ ಇಲ್ಲ ಅನ್ಸುತ್ತೆ’ ಅಂದು ನನ್ನ ಕಡೆ ತಿರುಗಿದೆ. ‘ನೀನ್ ನೋಡಿದ್ದೆ ಅಲ್ವೇನೇ?’

‘ನೋಡಿದ್ದೆ ಕಣೇ. ಎಳೆದೂ ನೋಡಿದ್ದೆ. ನೀನ್ ಗಾಬರಿ ಆಗ್ಬಿಟ್ಟೆ, ಅಷ್ಟೇ.’

ನೀನು ಜಗಳವಾಡುತ್ತೀಯ ಅಂದುಕೊಂಡಿದ್ದೆ. ಬ್ಯಾಂಡೇಜ್ ಸುತ್ತಿದ್ದ ಬೆರಳುಗಳನ್ನು ನೋಡಿಕೊಂಡು, ‘ಹೌದೇನೋ’ ಅಂದೆ. ನಿನ್ನ ಬೆರಳಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದೆ. ಪ್ರಕಾಶಣ್ಣ, ‘ಬಿಡಮ್ಮಾ, ನೀರೊಳಗೆ ಎಂಥವರಿಗೂ ಬುದ್ಧಿ ಕೆಡುತ್ತೆ’ ಅಂದರು. ಮುಗಿಯಿತು.

ನೀನು ಮತ್ತೆ ನೀರಿಗೆ ಇಳಿಯಲಿಲ್ಲ. ಸಹಾಯಕಿಯ ಕೆಲಸ ನನಗೆ ಬಂತು, ನಾಚಿಕೆಯಿಲ್ಲದೆ ತೆಗೆದುಕೊಂಡೆ. ಪಟ್ಟಿ ಮುಟ್ಟದೆ ‘ಹೊರಗಿದೆ’ ಅಂದ ಒಬ್ಬ ಹುಡುಗಿಗೆ ಅವಳು ಅಳುವ ತನಕ ಬೈದಿದ್ದೇನೆ. ಥೂ! ಒಂದು ದಿನ ನನಗೇ ತಡೆಯಲಾಗದೆ, ಈಜುಕೊಳದಲ್ಲಿ ಪಟ್ಟಿಯನ್ನು ಬೇಕೆಂದೇ ಒಳಗೆ ಸಿಕ್ಕಿಸಿಕೊಂಡು ಮಗುಚಿಕೊಂಡೆ. ಪಕ್ಕದಲ್ಲಿ ಎತ್ತುವವರು ನಿಂತಿದ್ದರು, ನೀರು ನಿಶ್ಚಲವಾಗಿತ್ತು. ಆದರೂ ಆಗಲಿಲ್ಲ. ದೋಣಿಯ ತಳ ಬಡಿದು ಎತ್ತಿಸಿಕೊಂಡೆ. ಆಮೇಲೆ ಪ್ರಕಾಶಣ್ಣ ತೋರಿಸಿಕೊಟ್ಟರು: ಪಟ್ಟಿ ಸಿಗದಿದ್ದರೆ ಕೈಯನ್ನು ಅಂಚಿನ ಗುಂಟ ಸೊಂಟದ ಪಕ್ಕಕ್ಕೆ ತಂದು, ಮೊಣಕಾಲು ಒತ್ತಿ, ರಬ್ಬರನ್ನು ಹಿಡಿಯಾಗಿ ಚಿವುಟಿ ಹಿಡಿದು ಕಿತ್ತೆಳೆಯಬೇಕು. ನಮಗೆ ಅವತ್ತಿನವರೆಗೆ ಅದನ್ನು ಯಾರೂ ಕಲಿಸಿರಲಿಲ್ಲ. ನೀನು ತಲೆಕೆಳಗಾಗಿ, ಆ ಸೆಳವಿನಲ್ಲಿ, ಉಸಿರಿಲ್ಲದೆ ಅದನ್ನು ಯೋಚಿಸಿ ಮಾಡಿದ್ದೆ. ಉಗುರು ಕಿತ್ತದ್ದು ಅದಕ್ಕೆ. ಅವತ್ತೇ ಬಂದು ಹೇಳಬೇಕಿತ್ತು. ಬಸ್ಸು ಹತ್ತಿ ಮೂಡಲಪಾಳ್ಯದವರೆಗೂ ಬಂದೆ, ನಿಮ್ಮಮ್ಮ ಕೊಟ್ಟ ಕಾಫಿ ಕುಡಿದು ವಾಪಸ್ ಹೋದೆ.

ಆಮೇಲೆ ‘ನಂಗೆ ಗಾಬರಿ ಜಾಸ್ತಿ’ ಅನ್ನುವುದೇ ನಿನ್ನ ಮಾತಾಯಿತು. ಹೊಸ ಸ್ಕೂಟರನ್ನು ತಮ್ಮನಿಗೆ ಕೊಟ್ಟುಬಿಟ್ಟೆ. ನೀನು ಪಾಠ ಮಾಡುವ ಕೆಂಗೇರಿಯ ಕಾಲೇಜಿನಲ್ಲಿ ‘ಪ್ರಿನ್ಸಿಪಾಲ್ ಆಗಿ’ ಅಂದರೆ, ‘ನನ್ನಂಥ ಪುಕ್ಕಲಿಗೆ ಯಾಕಪ್ಪಾ’ ಎಂದು ಕೈ ಮುಗಿದೆ. ಪ್ರತಿ ಸಲವೂ ಫೋನಿನ ಈ ಕಡೆ ನಾನಿದ್ದೆ. ‘ಹಾಗೇನಿಲ್ಲ ಬಿಡೇ’ ಅನ್ನುತ್ತಿದ್ದೆ. ಅಷ್ಟು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ.

ಮೊನ್ನೆ ನೀನು ಫೋನ್ ಮಾಡಿ ಮಗಳ ಮಾತೆತ್ತಿದೆ. ‘ಸಿಂಚನಾಗೆ ಸ್ಕೂಲಿಂದ ದೋಣಿ ಕ್ಯಾಂಪ್ ಅಂತೆ. ಬೇಡ ಅಂದ್ರೆ ಕೇಳ್ತಿಲ್ಲ. ನೀನೇ ಬಂದು ಹೇಳು, ನಾನ್ ಹೆಂಗೆ ಗಾಬರಿಬಿದ್ದು ಸಾಯೋ ಹಾಗಾಗಿದ್ದೆ ಅಂತ. ನಮ್ಮ ರಕ್ತದಲ್ಲೇ ಅದಿದೆ ಕಣೇ, ಅವಳಿಗೂ ಬಂದಿರುತ್ತೆ.’ ನಾನು ಎಂದಿನಂತೆ, ‘ಬರ್ತೀನಿ’ ಅಂದೆ.

ನಿನಗೆ ಹೇಳಿದ ಸುಳ್ಳನ್ನು ಈಗ ನಿನ್ನ ಮಗಳಿಗೂ ಹೇಳಲೇ? ಆಗುವುದಿಲ್ಲ. ಕ್ಯಾಂಪಿಗೆ ಕಳಿಸುವುದು ಬಿಡುವುದು ನಿನ್ನಿಷ್ಟ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಾನು ಮೊದಲು ಕಂಡೆನೋ ಆಮೇಲೆ ಕಂಡೆನೋ ಎಂದು ನೀನು ಕೇಳಿದರೆ ಉತ್ತರ ಇಲ್ಲ. ಇರುವಷ್ಟನ್ನು ಹೇಳುತ್ತೇನೆ. ಮನೆಗೆ ಬರುವ ಮುಂಚೆ ನಿನಗೆ ಇದನ್ನು ಬರೆದಿದ್ದೇನೆ. ಓದಿ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಬಾಗಿಲು ತೆಗೆಯಬೇಡ, ಮೆಟ್ಟಿಲ ಮೇಲೆ ನಿಂತೇ ಹೇಳಿ ಹೋಗುತ್ತೇನೆ. ಸಿಂಚನಾಗೆ ಕೇಳಿಸಿದರೆ ಸಾಕು: ಪುಟ್ಟೀ, ನಿಮ್ಮಮ್ಮ ಗಾಬರಿ ಆಗಲಿಲ್ಲ. ಅವಳನ್ನು ಯಾರೂ ಎತ್ತಲಿಲ್ಲ, ತಾನೇ ಈಚೆ ಬಂದಳು. ಗಾಬರಿಯಾಗಿದ್ದು ದಡದಲ್ಲಿ ನಿಂತಿದ್ದ ನಾನು.