ಕೂರಿಸಿ ಅಳತೆ ತೆಗೆಯುವ ಟೈಲರ್ ಅಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ಕಚೇರಿಗಳ ಸಾಲಿನ ಹಿಂದಿರುವ ಪುಟ್ಟ ಅಂಗಡಿಯಲ್ಲಿ ಟೈಲರ್ ಅಕ್ಕ ಕಪ್ಪು ಕೋಟೊಂದನ್ನು ಒಳಹೊರಗು ಮಾಡಿ ಮಡಿಲಲ್ಲಿಟ್ಟುಕೊಂಡಿದ್ದಾರೆ. ಎದುರಿನ ಸ್ಟೂಲಿನಲ್ಲಿ ಅವರ ಗಂಡ ಶೂಗಳ ಹಿಮ್ಮಡಿಯನ್ನು ಬಡಿದು ಮೆತ್ತಗಾಗಿಸುತ್ತಿದ್ದಾರೆ. ಎರಡೂ ಬ್ಯಾಂಕಿನ ಮೇಡಂ ಅವರದು.

ಹೊಸ ಬಟ್ಟೆ ಇಲ್ಲಿ ಹೊಲಿಯುವುದಿಲ್ಲ. ಆಫೀಸಿನ ಬಿಗಿ ಉಡುಪನ್ನು ಮೈಗೆ ಹಿತವಾಗಿಸುವುದಷ್ಟೇ ಕಸುಬು. "ಕಣಕಾಲಿಂದ ಮೇಲೆ ನನ್ನ ರಾಜ್ಯ, ಕೆಳಗೆ ಇವರದ್ದು. ಗಡಿ ದಾಟಿದ್ರೆ ಜಗಳಾನೇ" ಎಂದು ಅಕ್ಕ ನಗುತ್ತಾರೆ. ಹಿಂದೆ ಗಾರ್ಮೆಂಟ್ಸ್‌ನಲ್ಲಿ ವರ್ಷಗಟ್ಟಲೆ ಬರೀ ಕಾಲರ್ ಹೊಲಿದವರು. "ಅದು ಯಾರ ಕತ್ತಲ್ಲಿ ಕೂರುತ್ತೆ ಅಂತ ಒಂದಿನಾನೂ ನೋಡ್ಲಿಲ್ಲ." ಫ್ಯಾಕ್ಟರಿ ಮುಚ್ಚಿದ ಮೇಲೆ ಈ ಅಂಗಡಿ. ಈಗ ದಿನಕ್ಕೆ ಹತ್ತು ಹನ್ನೆರಡು ಕೋಟು, ಪ್ಯಾಂಟು ಕೈ ದಾಟುತ್ತವೆ.

ಮೇಡಂಗೆ ಕಂಕುಳ ಬಳಿ ಆಪರೇಷನ್ ಆಗಿತ್ತು. ದೀರ್ಘ ರಜೆ ಮುಗಿಸಿ ಕಳೆದ ವಾರ ಅಕ್ಕ ಸರಿಪಡಿಸಿಕೊಟ್ಟ ಇದೇ ಕೋಟು ತೊಟ್ಟು ಕೆಲಸಕ್ಕೆ ಹೋದವರು ಮಧ್ಯಾಹ್ನಕ್ಕೇ ಅಳುತ್ತ ಅಂಗಡಿಗೆ ಬಂದರು. ಕೋಟಿನ ಹೊಲಿಗೆ ಗಾಯದ ಕಲೆಗೆ ಉಜ್ಜಿ ಉರಿ ಎದ್ದಿತ್ತು. "ನನ್ನ ಕೈಲಾಗಲ್ಲ ಅಕ್ಕಾ, ಕೆಲಸ ಬಿಟ್ಬಿಡ್ತೀನಿ" ಅಂದರು.

"ತಪ್ಪು ನಂದೇ. ಕನ್ನಡಿ ಮುಂದೆ ನಿಲ್ಲಿಸಿ ಅಳತೆ ತಗೊಂಡಿದ್ದೆ. ಬ್ಯಾಂಕಲ್ಲಿ ಇಡೀ ದಿನ ಯಾರು ನಿಂತಿರ್ತಾರೆ? ನನ್ನ ಬುದ್ಧಿಗಿಷ್ಟು!" ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಅಂದಿನಿಂದ ಅಂಗಡಿಗೊಂದು ಕುರ್ಚಿ ಬಂದಿದೆ. ಯಾರೇ ಬರಲಿ, ಕೂರಿಸಿಯೇ ಅಳತೆ. ಮೇಡಂ ಕೋಟಿನ ಕಂಕುಳು ಬಿಚ್ಚಿ, ಹೊಲಿಗೆಯನ್ನು ಕಲೆಯಿಂದ ದೂರ ಸರಿಸಿ, ಒಳಗೆ ಹಳೆಯ ಮೆತ್ತನೆ ಹತ್ತಿಬಟ್ಟೆಯ ಪದರ ಹಚ್ಚಿದ್ದಾರೆ.

ಅಷ್ಟರಲ್ಲಿ ಮೇಡಂ ಬರುತ್ತಾರೆ. ಕೋಟು ತೊಟ್ಟು ಕುರ್ಚಿಯಲ್ಲಿ ಕೂತು, ಅಕ್ಕ ಹೇಳಿದಂತೆ ಮೇಲಿನ ಹಲಗೆಯ ದಾರದುಂಡೆಗೆ ಕೈ ಚಾಚುತ್ತಾರೆ. ಮುಖ ಕಿವುಚುವುದಿಲ್ಲ. ಶೂ ಹಾಕಿ ಎರಡು ಸುತ್ತು ನಡೆದು, "ನೋಡೋಣ ಅಕ್ಕಾ, ಇವತ್ತೂ ಆಗ್ಲಿಲ್ಲ ಅಂದ್ರೆ ರಾಜೀನಾಮೆನೇ" ಎಂದು ಹೊರಡುತ್ತಾರೆ.

ಆಮೇಲೆ ಅಕ್ಕನಿಗೆ ಕೂತಲ್ಲಿ ಕೂರಲಾಗದು. ಮಧ್ಯಾಹ್ನ ಕಳೆಯುವವರೆಗೂ ಬೀದಿಯ ಮೇಲೇ ಕಣ್ಣು. "ಪರೀಕ್ಷೆ ಬರೀತಿರೋದು ಅವ್ರೋ ನೀನೋ?" ಎಂದು ಗಂಡ ಕಾಲೆಳೆಯುತ್ತಾರೆ. "ಸುಮ್ನಿರ್ರೀ, ನನ್ನ ಸಂಕಟ ನಂಗೆ."

ಸಂಜೆ ಮೇಡಂ ಕಾಣಿಸುತ್ತಾರೆ. ಫೋನಿನಲ್ಲಿ ಯಾರ ಜೊತೆಗೋ ನಗುತ್ತ, ಬ್ಯಾಗು ಬೀಸುತ್ತ, ಅಂಗಡಿಯನ್ನು ದಾಟಿ ಹೋಗಿಯೇಬಿಡುತ್ತಾರೆ! ಅಕ್ಕ ಬರಿಗಾಲಲ್ಲೇ ಹಿಂದೆ ಓಡುತ್ತಾರೆ.

"ಮೇಡಂ, ಕೋಟು?"

"ಕೋಟಾ?" ಮೇಡಂ ತಮ್ಮನ್ನೇ ಬಗ್ಗಿ ನೋಡಿಕೊಳ್ಳುತ್ತಾರೆ. "ಅಯ್ಯೋ, ಮೈಮೇಲಿದೆ ಅನ್ನೋದೇ ಮರ್ತುಹೋಗಿತ್ತಲ್ಲ ಅಕ್ಕಾ!"

ಅಬ್ಬಾ! ಅಕ್ಕನ ಎದೆಯ ಭಾರ ಇಳಿಯುತ್ತದೆ. ಕಣ್ಣು ತುಂಬಿಕೊಂಡೇ ನಗುತ್ತಾರೆ.

"ನಾಳೆನೂ ಮರ್ತೇ ಇರಿ ಮೇಡಂ. ನಂಗೆ ಬೇಕಾಗಿದ್ದು ಅಷ್ಟೇ."