ಚಾಳೀಸಣ್ಣನ ಮೊದಲ ಮನೆ

ಕನ್ನಡಕದಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಕೂತು ಅವನಿಗೆ ಚಾಳೀಸಣ್ಣ ಎಂಬ ಹೆಸರೇ ಅಂಟಿಬಿಟ್ಟಿತ್ತು. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಮಾಡಿಕೊಡುವುದರಲ್ಲಿ ಆ ಬೀದಿಗೆ ಅವನೇ ಸೈ. ಬಂದವರು ಅಕ್ಷರದ ಹಲಗೆ ಓದುವ ಮೊದಲು ತಮ್ಮ ಕಷ್ಟ ಹೇಳಿಕೊಳ್ಳುತ್ತಾರಲ್ಲ, ಹಿಂದೆಲ್ಲ ಅದು ಸೂಜಿಗೆ ದಾರ ಹೋಗುವುದಿಲ್ಲ, ಪೇಪರಿನ ಅಕ್ಷರ ಹತ್ತುವುದಿಲ್ಲ ಎನ್ನುವಷ್ಟರಲ್ಲೇ ಮುಗಿಯುತ್ತಿತ್ತು. ಈಚೆಗೆ ಹೊಸದೊಂದು ಸೇರಿಕೊಂಡಿತ್ತು. "ಮನೆ ತಗೋತಾ ಇದೀವಿ ಅಣ್ಣ. ಸಾಲದ ಕಾಗದದಲ್ಲಿ ಅದೇನು ಸಣ್ಣ ಅಕ್ಷರ ಅಂತೀಯ, ಇರುವೆ ಸಾಲು ಹೋದ ಹಾಗಿದೆ." ಎಷ್ಟನೇ ಮನೆ ಎಂದು ಕೇಳಿದರೆ ಅವರಿಗೆ ಸಿಟ್ಟು. "ಎಷ್ಟನೇದು ಅಂದ್ರೆ? ಇದೇ ಮೊದಲ್ನೇದು!"

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಪುಣ್ಯಾತ್ಮ ಯಾವ ಕಾಲದವನೋ. ಈ ಊರಿನಲ್ಲಿ ಕಟ್ಟುವ ಮಾತು ಹಾಗಿರಲಿ, ಯಾರೋ ಕಟ್ಟಿಟ್ಟದ್ದರಲ್ಲಿ ಎರಡು ಕೋಣೆ ಕೊಳ್ಳುವ ಹೊತ್ತಿಗೆ ತಲೆ ನೆರೆತು ಮಂಡಿ ಸವೆದಿರುತ್ತದೆ. ಚಾಳೀಸಣ್ಣ ಅವರನ್ನೆಲ್ಲ ಕಂಡು ಒಳಗೊಳಗೇ ನಗುತ್ತಿದ್ದ. ನಗುತ್ತಿದ್ದವನಿಗೇ ನಲವತ್ತೆಂಟಾಯಿತು.

ಅವನು ಸುಮ್ಮನೆ ಕೂತಿದ್ದನೆಂದು ಯಾರೂ ಹೇಳುವಂತಿಲ್ಲ. ಮದುವೆಯಾದ ವರ್ಷವೇ ಬ್ಯಾಂಕಿನ ಮೆಟ್ಟಿಲು ಹತ್ತಿದ್ದ. "ವಯಸ್ಸಿದೆ, ಸಂಬಳ ಇಲ್ಲ. ಸ್ವಲ್ಪ ಸಂಬಳ ಏರ್ಲಿ, ಬನ್ನಿ" ಎಂದು ಕಳಿಸಿದ್ದರು. ಸಂಬಳ ಏರಿತು, ಅದರ ಹತ್ತರಷ್ಟು ಮನೆಯ ಬೆಲೆ ಏರಿತು. ಗಂಡ ಹೆಂಡತಿ ಸ್ಕೂಟರ್ ಬೇಡ ಎಂದರು, ಬಸ್ಸಿನಲ್ಲಿ ಓಡಾಡಿದರು. ಎರಡನೇ ಮಗು ಬೇಡ ಎಂದ ಅವನು, ಅದಕ್ಕೆ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಮಗಳು ನಾಯಿಮರಿ ಕೇಳಿದರೂ, ಗೋಡೆಗೆ ಹಸಿರು ಬಣ್ಣ ಕೇಳಿದರೂ ಉತ್ತರ ಒಂದೇ: "ಸ್ವಂತ ಮನೆ ಆಗ್ಲಿ ಪುಟ್ಟಿ." ಹೀಗೆ ಎಂಟು ಬಾಡಿಗೆ ಮನೆ ಕಂಡು, ಒಂಬತ್ತನೆಯದರಲ್ಲಿ ಇದ್ದಾಗ ಮನೆಯ ಒಡತಿ ಬಂದು ತನ್ನ ತಮ್ಮನ ಸಂಸಾರ ಬರುತ್ತಿದೆ, ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದಳು.

"ರೀ, ಇನ್ನೊಂದ್ಸಲ ಪಾತ್ರೆ ಕಟ್ಟೋಕೆ ನನ್ನ ಕೈಲಾಗಲ್ಲ. ಈ ಸಲ ಏನಾದ್ರೂ ಮಾಡಿ," ಎಂದಳು ಹೆಂಡತಿ. ಅವಳು ಜೋರಾಗಿ ಹೇಳಿದ್ದರೆ ಅವನೂ ಜೋರು ಮಾಡುತ್ತಿದ್ದ. ಮೆಲ್ಲಗೆ ಹೇಳಿದಳು.

ಊರಿನ ಅಂಚಿನಲ್ಲಿ, ಬಸ್ಸು ತಿರುಗಿಸಿಕೊಂಡು ವಾಪಸಾಗುವ ಜಾಗದಲ್ಲಿ ಒಂದು ಮನೆ ಸಿಕ್ಕಿತು. ನಾಲ್ಕನೇ ಮಹಡಿ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕು. ಮಲಗುವ ಕೋಣೆಯ ಕಿಟಕಿ ತೆರೆದರೆ ಎದುರು ಕಟ್ಟಡದವರ ಬಟ್ಟೆ ಒಣಹಾಕುವ ಹಗ್ಗ ಕೈಗೆ ಸಿಗುತ್ತಿತ್ತು. ಆದರೂ ಹೆಂಡತಿ ಅಡುಗೆಕಟ್ಟೆಯ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತಳು. ಕೂಡಿಟ್ಟ ಹಣ ಮುಂಗಡಕ್ಕೆ ಸರಿಹೋಗುತ್ತಿತ್ತು. ಉಳಿದದ್ದು ಸಾಲ.

ಬ್ಯಾಂಕಿನ ಸಾಲದ ಅಧಿಕಾರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಮಾತು ಮಾತ್ರ ಬೆಣ್ಣೆ.

"ಸರ್, ಈಗ ನಿಮ್ಮ ಸಂಬಳ ಚೆನ್ನಾಗಿದೆ. ವಯಸ್ಸೇ ತೊಂದರೆ. ಅರವತ್ತಕ್ಕೆ ಸಾಲ ಮುಗೀಬೇಕು. ಹನ್ನೆರಡೇ ವರ್ಷ ಅಂದ್ರೆ ತಿಂಗಳ ಕಂತು ನಿಮ್ಮ ಸಂಬಳಾನೂ ಮೀರತ್ತೆ."

"ಆಗ ಬಂದಾಗ ವಯಸ್ಸಿದೆ ಸಂಬಳ ಇಲ್ಲ ಅಂದ್ರಿ. ಈಗ ಸಂಬಳ ಇದೆ ವಯಸ್ಸಿಲ್ಲ ಅಂತೀರ. ನಡುವೆ ಯಾವತ್ತು ಬರ್ಬೇಕಿತ್ತು ಸ್ವಾಮಿ ನಾನು? ಒಂದು ಚೀಟಿ ಕಳಿಸೋದಲ್ವಾ?"

ಅಧಿಕಾರಿ ನಕ್ಕ. ಚಾಳೀಸಣ್ಣ ನಗಿಸಲು ಹೇಳಿರಲಿಲ್ಲ.

"ಮಗಳಿದ್ದಾಳಲ್ಲ ಸರ್? ಇಪ್ಪತ್ಮೂರು. ಕೆಲಸ ಬೇರೆ ಇದೆ. ಅವಳ ಹೆಸರಲ್ಲಿ ಮೂವತ್ತು ವರ್ಷ ಕೊಡ್ತೀವಿ, ಕಂತು ಎಷ್ಟೋ ಇಳಿಯತ್ತೆ. ನಿಮ್ಮ ಹೆಸರು ಮಾತ್ರ ಬೇಡ. ನೀವು ಸೇರಿದ್ರೆ ಮತ್ತೆ ಅರವತ್ತರ ಲೆಕ್ಕ ಬರತ್ತೆ. ಹ್ಞಾಂ, ಅವಳು ಕೆಲಸ ಬಿಡೋ ಹಾಗಿಲ್ಲ, ಅಷ್ಟೆ."

ಅಷ್ಟೆ! ಮಗಳು ಆಸ್ಪತ್ರೆಯೊಂದರ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಮುಂದಿನ ವರ್ಷ ಕೆಲಸ ಬಿಟ್ಟು, ಬೇರೆ ಊರಿನಲ್ಲಿ ಎರಡು ವರ್ಷ ಓದಿ, ಆ ಚಿತ್ರಗಳಲ್ಲಿ ಏನಿದೆಯೆಂದು ಹೇಳುವುದನ್ನು ಕಲಿಯಬೇಕೆಂದು ಅವಳ ಆಸೆ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಅವನು ಮನೆಯಲ್ಲಿ ವಿಷಯ ತೆಗೆದಾಗ ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ. "ಆಯ್ತಪ್ಪ, ಬರ್ತೀನಿ" ಎಂದಳು. ಅಷ್ಟು ಸುಲಭವಾಗಿ ಒಪ್ಪಿದ್ದು ಅವನಿಗೆ ಚುಚ್ಚಿತು.

ಮರುವಾರ ಅಪ್ಪ ಮಗಳು ಅಧಿಕಾರಿಯ ಮೇಜಿನ ಮುಂದೆ ಕೂತರು. ಅಧಿಕಾರಿ ಕಾಗದಗಳನ್ನು ಮಗಳ ಕಡೆ ತಿರುಗಿಸಿ ಪೆನ್ನು ಕೊಟ್ಟ. "ಈ ತಿಂಗಳಲ್ಲಿ ಮನೆ ತಗೋತಿರೋರಲ್ಲಿ ನೀವೇ ಚಿಕ್ಕೋರು ಮೇಡಂ. ಇಪ್ಪತ್ಮೂರಕ್ಕೇ ಸ್ವಂತ ಮನೆ!"

ಮೇಜಿನ ಹಿಂದಿನ ಗೋಡೆಯ ಮೇಲೆ ಬೀಗದ ಕೈ ಹಿಡಿದು ನಗುವ ಹುಡುಗ ಹುಡುಗಿಯರ ದೊಡ್ಡ ಚಿತ್ರವಿತ್ತು. ಇವರಿಗೆಲ್ಲ ಇಷ್ಟು ಬೇಗ ಹೇಗೆ ಸಾಧ್ಯವಾಯಿತು ಎಂದು ಎಷ್ಟೋ ವರ್ಷ ಹೊಟ್ಟೆ ಉರಿದುಕೊಂಡಿದ್ದ ಚಾಳೀಸಣ್ಣ. ಒಬ್ಬೊಬ್ಬರ ಬೆನ್ನ ಹಿಂದೆಯೂ ತನ್ನಂಥ ಒಬ್ಬ ಬೋಳುತಲೆಯ ಅಪ್ಪ ನಿಂತಿದ್ದಾನು, ಚಿತ್ರದಲ್ಲಿ ಬಂದಿಲ್ಲ ಅಷ್ಟೆ, ಎಂದು ಈಗ ಅನ್ನಿಸಿತು.

"ಸಾಲ ಮುಗಿಯೋ ಹೊತ್ತಿಗೆ ಇವಳಿಗೆಷ್ಟಾಗಿರತ್ತೆ?" ಎಂದು ಕೇಳಿದ, ಗೊತ್ತಿದ್ದೂ.

"ಐವತ್ಮೂರು ಸರ್."

ಈಗಿನ ತನಗಿಂತ ಮುದುಕಿ. ಮಗಳ ಕೈಯಿಂದ ಪೆನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದ. "ಬೇಡ. ನನ್ನ ವಯಸ್ಸಂತೂ ಬಾಡಿಗೆ ಕಟ್ಟೋದ್ರಲ್ಲೇ ಹೋಯ್ತು. ಇವಳದನ್ನೂ ನಿಮಗೆ ಬರೆದುಕೊಡ್ಲಾ? ಏಳೇ ಪುಟ್ಟಿ, ನಡಿ." ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ಯಾರ ಮುಖವನ್ನೂ ನೋಡದೆ ಹೊರಗೆ ಬಂದ.

ಮಗಳು ಹಿಂದೆಯೇ ಬಂದು ಫುಟ್‌ಪಾತಿನ ಮೇಲೆ ಅವನನ್ನು ತಡೆದಳು.

"ಏನಪ್ಪ ಇದು ನಿನ್ನ ಕೂಗಾಟ?"

"ನೀನು ಓದು. ಮನೆ ಬೇಡ ನಮಗೆ. ಇಷ್ಟು ದಿನ ಇರ್ಲಿಲ್ವಾ?"

"ಓದಿ? ಓದಿದ್ಮೇಲೆ ನಾನು ಎಲ್ಲಿರ್ಲಿ?" ಅವಳ ದನಿ ಏರಿತು. "ನಾನೂ ನಿನ್ನ ಹಾಗೇ ಕೂಡಿಡ್ಬೇಕಲ್ವಾ? ನಾನು ಕೂಡಿಟ್ಟಷ್ಟೂ ಬೆಲೆ ಮುಂದೆ ಓಡತ್ತೆ. ಕೊನೆಗೆ ನಿನ್ನ ವಯಸ್ಸಿಗೆ ಇದೇ ಕುರ್ಚಿಗೆ ಬಂದು ಕೂರ್ತೀನಿ. ಆಗ ಯಾರನ್ನ ಕರ್ಕೊಂಡು ಬರ್ಲಿ? ನನ್ನ ಮಗಳನ್ನಾ?"

ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಸಹಿ ಮಾಡಿಸಿದರೆ ಅವಳ ಓದು ಹೋಯಿತು. ಮಾಡಿಸದಿದ್ದರೆ ಈ ಇಪ್ಪತ್ನಾಲ್ಕು ವರ್ಷದ ಓಟವನ್ನು ಅವಳು ಮೊದಲಿಂದ ಓಡಬೇಕು. ಮಗಳನ್ನು ಉಳಿಸಿದೆ ಎಂದು ಒಳಗೆ ಎದೆ ಉಬ್ಬಿಸಿದ್ದವನಿಗೆ ಉಳಿಸಲು ಏನೂ ಇರಲಿಲ್ಲ ಎಂಬುದು ತಿಳಿಯಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹೊಳೆಯದೆ ನಿಂತ. ಬಸ್ಸುಗಳು ಹೋಗುತ್ತಲೇ ಇದ್ದವು.

"ಅಮ್ಮ ಫೋನು ಹಿಡ್ಕೊಂಡು ಕೂತಿರ್ತಾಳೆ," ಎಂದಳು ಮಗಳು. "ನಡಿ ಒಳಗೆ."

ಮತ್ತೆ ಅದೇ ಕುರ್ಚಿ. ಅಧಿಕಾರಿ ಏನೂ ಆಗಿಯೇ ಇಲ್ಲವೆಂಬಂತೆ ಕಾಗದ ಮುಂದಿಟ್ಟ, ಇಂಥವರನ್ನು ದಿನಾ ನೋಡುವವನಿರಬೇಕು. ಮಗಳು ಒಂದೊಂದೇ ಹಾಳೆ ತಿರುವುತ್ತ ಸಹಿ ಮಾಡಿದಳು. ಒಂದೂ ಸಾಲು ಓದಲಿಲ್ಲ. ಅವಳ ಕಣ್ಣಿಗೆ ಎಲ್ಲ ಅಕ್ಷರವೂ ಕಾಣುತ್ತಿತ್ತು.

"ಸರ್, ನಿಮ್ಮದೂ ಒಂದು ಸಹಿ ಬೇಕು," ಎಂದು ಅಧಿಕಾರಿ ಕೊನೆಯ ಹಾಳೆಯನ್ನು ಇವನ ಕಡೆ ಸರಿಸಿದ. ಚಾಳೀಸಣ್ಣನಿಗೆ ಆ ಕ್ಷಣಕ್ಕೆ ಮನೆಯ ಕಾಗದದಲ್ಲಿ ತನ್ನ ಹೆಸರೂ ಸೇರೀತೆಂಬ ಆಸೆ ಚಿಗುರಿತು. ತಡಕಾಡಿ ಕನ್ನಡಕ ಹಾಕಿಕೊಂಡ. "ಎಲ್ಲಿ?"

"ಇಲ್ಲಿ ಸರ್, ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ."

ಇಪ್ಪತ್ನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟವನು, ತನ್ನ ಮಗಳು ಮನೆ ಕೊಂಡದ್ದನ್ನು ಕಣ್ಣಾರೆ ಕಂಡೆ ಎಂದು ಸಹಿ ಹಾಕಿದ. ಅಧಿಕಾರಿ ಎದ್ದು ನಿಂತು "ಅಭಿನಂದನೆಗಳು ಮೇಡಂ" ಎಂದು ಮಗಳ ಕೈ ಕುಲುಕಿದ. ಅವಳು ಕೈ ಕೊಟ್ಟಳು, ಮುಖ ಕೊಡಲಿಲ್ಲ.